ಗಾಳಿಗೆ ದಾರಿ, ಕಿವಿಗೆ ನೆಮ್ಮದಿ

ಡೆಸ್ಕ್‌ಟಾಪ್ ಕಂಪ್ಯೂಟರಿನಿಂದ ಕೇಳಿಬರುವ ಸದ್ದಿನಲ್ಲಿ ಬಹುಪಾಲು ಫ್ಯಾನುಗಳದ್ದು. ಪ್ರೊಸೆಸರ್ ಮೇಲೊಂದು, ಗ್ರಾಫಿಕ್ಸ್ ಕಾರ್ಡಿಗೆ ಎರಡೋ ಮೂರೋ, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಒಳಗೊಂದು, ಕ್ಯಾಬಿನೆಟ್ಟಿನ ಹಿಂದೆ ಮುಂದೆ ಇನ್ನಷ್ಟು. ಹೀಗೆ ಸಾಧಾರಣ ಗೇಮಿಂಗ್ ಯಂತ್ರವೊಂದರಲ್ಲೂ ಆರೇಳು ಫ್ಯಾನು ತಿರುಗುತ್ತಿರುತ್ತವೆ. ಇವೆಲ್ಲ ಇರುವುದು ಒಂದೇ ಕೆಲಸಕ್ಕೆ, ಶಾಖವನ್ನು ಹೊರಗೆ ಸಾಗಿಸಲು. ಕಂಪ್ಯೂಟರ್ ಎಳೆದುಕೊಂಡ ವಿದ್ಯುತ್ತು ಲೆಕ್ಕ ಮಾಡಿ, ಚಿತ್ರ ಮೂಡಿಸಿ ಮಾಯವಾಗಿಬಿಡುವುದಿಲ್ಲ. ಕಡೆಗೆ ಹೆಚ್ಚುಕಡಿಮೆ ಅಷ್ಟೂ ಶಾಖವಾಗಿ ಕೋಣೆಗೆ ಸೇರುತ್ತದೆ. 300 ವ್ಯಾಟ್ ಎಳೆಯುವ ಯಂತ್ರ 300 ವ್ಯಾಟ್‌ನ ಹೀಟರ್ ಕೂಡ ಹೌದು.

ಈ ಶಾಖ ಮೊದಲಿನಿಂದಲೂ ಇಷ್ಟಿರಲಿಲ್ಲ. 1989ರಲ್ಲಿ ಬಂದ ಇಂಟೆಲ್ 486 ಚಿಪ್ಪಿನ ಮೊದಮೊದಲ ಮಾದರಿಗಳಿಗೆ ಕೆಲವೇ ವ್ಯಾಟ್ ಸಾಕಾಗುತ್ತಿತ್ತು. ಎಷ್ಟೋ ಯಂತ್ರಗಳಲ್ಲಿ ಪ್ರೊಸೆಸರ್ ಮೇಲೆ ಫ್ಯಾನೇ ಇರಲಿಲ್ಲ. 1993ರ ಪೆಂಟಿಯಂ ಸುಮಾರು 15 ವ್ಯಾಟ್ ತಲುಪಿತು. 2023ರ ಕೋರ್ ಐ9-14900ಕೆ ಪೂರ್ತಿ ದುಡಿಯುವಾಗ 253 ವ್ಯಾಟ್‌ವರೆಗೆ ಏರುತ್ತದೆ, 2022ರ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ತಾನೊಂದೇ 450 ವ್ಯಾಟ್ ಬೇಡುತ್ತದೆ. ಇವು ತುದಿಯ ಮಾದರಿಗಳು ನಿಜ. ಆದರೆ ಮನೆ, ಕಚೇರಿಗಳಲ್ಲಿ ಕಾಣುವ ಐ5-12400ನಂಥ 65 ವ್ಯಾಟ್ ದರ್ಜೆಯ ಪ್ರೊಸೆಸರ್ ಕೂಡ ಅವಸರದ ಕೆಲಸ ಬಿದ್ದಾಗ 117 ವ್ಯಾಟ್‌ವರೆಗೆ ಹೋಗಬಲ್ಲದು. ಡಬ್ಬದ ಮೇಲೆ ಬರೆದ 65 ಎಂಬ ಅಂಕಿಯನ್ನೇ ನಂಬಿ ಪುಟ್ಟ ಕೂಲರ್ ತಂದವರ ಯಂತ್ರ ಆಗಾಗ ಕಿರುಚುವುದು ಇದೇ ಕಾರಣಕ್ಕೆ.

ತಂಪು ಕಡಿಮೆಯಾದರೆ ಚಿಪ್ ಸುಟ್ಟುಹೋಗುತ್ತದೆ ಎಂಬ ಭಯ ಈಗ ಹಳೆಯದು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ತಾಣದವರು ಚಾಲೂ ಇದ್ದ ಪ್ರೊಸೆಸರುಗಳ ಮೇಲಿನ ಹೀಟ್‌ಸಿಂಕನ್ನೇ ಕಿತ್ತು ವಿಡಿಯೊ ಮಾಡಿದ್ದರು. ಪೆಂಟಿಯಂ 4 ವೇಗ ತಗ್ಗಿಸಿಕೊಂಡು ಬದುಕಿತು, ಎಎಂಡಿಯ ಅಥ್ಲಾನ್ ಹೊಗೆಯೆದ್ದು ಸತ್ತಿತು. ಇಂದಿನ ಎಲ್ಲ ಪ್ರೊಸೆಸರುಗಳೂ 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಗಡಿ ಮುಟ್ಟಿದೊಡನೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಹಾಗಾಗಿ ತಂಪಿನ ಏರ್ಪಾಡು ಸರಿಯಿಲ್ಲದಿದ್ದರೆ ಬಳಕೆದಾರರಿಗೆ ತಟ್ಟುವುದು ಹೊಗೆಯಲ್ಲ; ನಿಧಾನವಾದ ಯಂತ್ರ ಮತ್ತು ಜೋರಾದ ಸದ್ದು.

ಶಾಖದ ಪ್ರಯಾಣ ಚಿಪ್ಪಿನಿಂದ ಶುರುವಾಗುತ್ತದೆ. ರೈಜನ್ 7 5800ಎಕ್ಸ್ ಪ್ರೊಸೆಸರಿನ ಎಂಟೂ ಕೋರ್‌ಗಳು ಕೂತಿರುವ ಸಿಲಿಕಾನ್ ತುಂಡಿನ ಅಳತೆ ಸುಮಾರು 81 ಚದರ ಮಿಲಿಮೀಟರ್, ಅಂದರೆ ಒಂದು ಚದರ ಸೆಂಟಿಮೀಟರಿಗೂ ಕಡಿಮೆ. ಅಷ್ಟು ಜಾಗದಿಂದ ನೂರಕ್ಕೂ ಹೆಚ್ಚು ವ್ಯಾಟ್ ಶಾಖ ಮೇಲೇಳಬೇಕು. ಚಿಪ್ಪಿನ ಲೋಹದ ಮುಚ್ಚಳಕ್ಕೂ ಹೀಟ್‌ಸಿಂಕಿನ ತಳಕ್ಕೂ ನಡುವೆ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ನಿಂತಿರುತ್ತದೆ. ತಾಮ್ರಕ್ಕೆ ಹೋಲಿಸಿದರೆ ನಿಂತ ಗಾಳಿ ಶಾಖ ಸಾಗಿಸುವುದರಲ್ಲಿ ಹದಿನೈದು ಸಾವಿರ ಪಟ್ಟು ಹಿಂದೆ. ಆ ಗಾಳಿಯನ್ನು ಹೊರದೂಡಿ ಸಂದು ತುಂಬುವುದೇ ಥರ್ಮಲ್ ಪೇಸ್ಟ್‌ನ ಕೆಲಸ. ಬಟಾಣಿ ಕಾಳಿನಷ್ಟು ಪೇಸ್ಟ್ ನಡುವೆ ಇಟ್ಟು ಹೀಟ್‌ಸಿಂಕ್ ಒತ್ತಿ ಬಿಗಿದರೆ ಸಾಕು, ತಾನೇ ಹರಡಿಕೊಳ್ಳುತ್ತದೆ. ದುಬಾರಿ ಪೇಸ್ಟ್‌ನಿಂದ ಎರಡು ಮೂರು ಡಿಗ್ರಿ ಉಳಿಯಬಹುದು. ಹೀಟ್‌ಸಿಂಕಿನ ತಳಕ್ಕೆ ಅಂಟಿಸಿ ಕಳಿಸುವ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆತರೆ ಎಂಥ ಪೇಸ್ಟೂ ಉಪಯೋಗಕ್ಕೆ ಬಾರದು, ಮತ್ತು ಈ ಮರೆವು ಅಂದುಕೊಂಡಷ್ಟು ಅಪರೂಪವಲ್ಲ.

ಪೇಸ್ಟ್ ದಾಟಿದ ಶಾಖವನ್ನು ಎತ್ತಿಕೊಳ್ಳುವುದು ಹೀಟ್‌ಪೈಪು. ನೋಡಲು ಪೆನ್ಸಿಲ್ ದಪ್ಪದ ತಾಮ್ರದ ಕೊಳವೆ. ಒಳಗೆ ಚೂರು ನೀರು, ಉಳಿದದ್ದು ಬಹುತೇಕ ನಿರ್ವಾತ. ಒತ್ತಡ ಇಲ್ಲದ್ದರಿಂದ ನೀರು ನೂರು ಡಿಗ್ರಿಗೆ ಕಾಯದೆ ಕಡಿಮೆ ಬಿಸಿಗೇ ಕುದಿದು ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ, ಅನ್ನದ ಪಾತ್ರೆಯ ಮುಚ್ಚಳದಡಿ ಹನಿಗಟ್ಟುವಂತೆ ಅಲ್ಲಿ ನೀರಾಗುತ್ತದೆ. ಕೊಳವೆಯ ಒಳಗೋಡೆಗೆ ಹೊಂದಿಸಿದ ಬತ್ತಿಯಂಥ ಪದರ ಆ ನೀರನ್ನು ಹೀರಿ ಬಿಸಿ ತುದಿಗೆ ಮರಳಿಸುತ್ತದೆ. ಮೋಟಾರಿಲ್ಲ, ಸದ್ದಿಲ್ಲ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಬಾಹ್ಯಾಕಾಶದ ವಿದ್ಯುತ್ ಘಟಕಗಳಿಗಾಗಿ ರೂಪಿಸಿದ ಈ ಉಪಾಯ ಈಗ ಸಾಧಾರಣ ಬೆಲೆಯ ಕೂಲರಿನಲ್ಲೂ ಇದೆ. ಹೀಟ್‌ಪೈಪಿನ ಮೇಲ್ತುದಿಗೆ ಪೋಣಿಸಿದ ಅಲ್ಯೂಮಿನಿಯಂ ತಗಡುಗಳ ಗೋಪುರದಿಂದ ಶಾಖ ಗಾಳಿಗೆ ಸೇರುತ್ತದೆ. ಫ್ಯಾನಿಗೆ ಕೆಲಸ ಬರುವುದು ಇಲ್ಲಿಂದ ಮುಂದೆ.

ಎಷ್ಟು ಗಾಳಿ ಬೇಕು ಎಂಬುದು ಸರಳ ಲೆಕ್ಕ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ, ಅದು ಒಂದು ಡಿಗ್ರಿ ಬಿಸಿಯಾಗುವಾಗ 1.2 ಜೂಲ್‌ನಷ್ಟು ಶಾಖ ಹೊತ್ತೊಯ್ಯುತ್ತದೆ. 300 ವ್ಯಾಟ್ ಎಂದರೆ ಸೆಕೆಂಡಿಗೆ 300 ಜೂಲ್. ಒಳಬಂದ ಗಾಳಿ ಹತ್ತು ಡಿಗ್ರಿಯಷ್ಟೇ ಬಿಸಿಯಾಗಿ ಹೊರಹೋಗಬೇಕಾದರೆ ಸೆಕೆಂಡಿಗೆ 25 ಲೀಟರ್, ಗಂಟೆಗೆ 90 ಘನ ಮೀಟರ್ ಗಾಳಿ ಹಾಯಬೇಕು. 120 ಮಿ.ಮೀ. ಅಗಲದ ಒಳ್ಳೆಯ ಫ್ಯಾನೊಂದು ನಿಮಿಷಕ್ಕೆ 1,200 ಸುತ್ತಿನಲ್ಲಿ ಬಯಲಿನಲ್ಲಿ ಇಷ್ಟು ಗಾಳಿ ಬೀಸುತ್ತದೆ. ಕ್ಯಾಬಿನೆಟ್ಟಿನ ಜಾಲರಿ, ಡಸ್ಟ್ ಫಿಲ್ಟರ್, ವೈರುಗಳ ನಡುವೆ ಅದರಲ್ಲಿ ಅರ್ಧ ಸಿಕ್ಕರೆ ಪುಣ್ಯ. ಅಂದರೆ ಇಂಥ ಯಂತ್ರಕ್ಕೆ ಮುಂದೆ ಎರಡು, ಹಿಂದೆ ಒಂದು ಫ್ಯಾನು ಸಾಕು. ಬಣ್ಣಬಣ್ಣದ ಬೆಳಕಿನ ಒಂಬತ್ತು ಫ್ಯಾನು ತೂಗುಹಾಕುವುದು ಅಲಂಕಾರಕ್ಕೆ. ಗಾಳಿಯ ಲೆಕ್ಕದಲ್ಲಿ ಅದಕ್ಕೆ ಆಧಾರವಿಲ್ಲ.

ಈ ಲೆಕ್ಕದ ತಳಹದಿ ಕೋಣೆಯ ಉಷ್ಣಾಂಶ. ಫ್ಯಾನಿನಿಂದ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಇಡಲಾಗದು. ಒಂದು ಕೂಲರ್ ಪ್ರೊಸೆಸರನ್ನು ಕೋಣೆಗಿಂತ 50 ಡಿಗ್ರಿ ಮೇಲೆ ಹಿಡಿದಿಡುತ್ತದೆ ಎಂದುಕೊಂಡರೆ, 24 ಡಿಗ್ರಿಯ ಕೋಣೆಯಲ್ಲಿ ಚಿಪ್ 74ರಲ್ಲಿರುತ್ತದೆ. ಅದೇ ಯಂತ್ರ ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ 40 ಡಿಗ್ರಿಯ ಕೋಣೆಯಲ್ಲಿದ್ದರೆ 90 ಮುಟ್ಟುತ್ತದೆ. ಯುರೋಪಿನ ವಿಮರ್ಶಕರು 20 ಡಿಗ್ರಿಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ‘ತೀರಾ ನಿಶ್ಶಬ್ದ’ ಎಂದ ಕೂಲರ್ ಇಲ್ಲಿ ಬೇಸಿಗೆಯಲ್ಲಿ ಗುಯ್‌ಗುಡುವುದರಲ್ಲಿ ಆಶ್ಚರ್ಯವಿಲ್ಲ. ಬಯಲುಸೀಮೆಯ ಊರುಗಳಲ್ಲಿ ಕೂಲರನ್ನು ಅಗತ್ಯಕ್ಕಿಂತ ಒಂದು ದರ್ಜೆ ದೊಡ್ಡದು ಕೊಳ್ಳುವುದೇ ಜಾಣತನ; ಆ ಹೆಚ್ಚುವರಿ ಬಲ ಖರ್ಚಾಗುವುದು ಬೇಸಿಗೆಯ ಎರಡು ಮೂರು ತಿಂಗಳಷ್ಟೇ, ಉಳಿದ ಕಾಲವೆಲ್ಲ ಫ್ಯಾನು ಮೆಲ್ಲಗೆ ತಿರುಗುತ್ತದೆ.

ಇನ್ನು ಸದ್ದಿನ ಲೆಕ್ಕ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಹತ್ತು ಡೆಸಿಬಲ್ ಇಳಿಕೆಯೇ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ ಎಂಬುದನ್ನು ನೆನೆದರೆ ಈ 15ರ ಬೆಲೆ ತಿಳಿಯುತ್ತದೆ. ಇನ್ನೊಂದು ಕಡೆ, ಒಂದೇ ಬಗೆಯ ಎರಡನೆಯ ಫ್ಯಾನು ಸೇರಿಸಿದರೆ ಸದ್ದು ಏರುವುದು ಮೂರೇ ಡೆಸಿಬಲ್. ಎರಡನ್ನೂ ಕೂಡಿಸಿ ನೋಡಿದಾಗ ನಿಶ್ಶಬ್ದ ಕಂಪ್ಯೂಟರಿನ ಗುಟ್ಟು ಹೊರಬೀಳುತ್ತದೆ: ಪೂರ್ತಿ ವೇಗದ ಒಂದು ಫ್ಯಾನಿನ ಬದಲು ಅರ್ಧ ವೇಗದ ಎರಡು ಫ್ಯಾನು ಇಟ್ಟರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಮಾತ್ರ ಹನ್ನೆರಡು ಡೆಸಿಬಲ್ ಕಡಿಮೆ. ಅಗಲದ ಫ್ಯಾನಿನದ್ದೂ ಇದೇ ನ್ಯಾಯ. 140 ಮಿ.ಮೀ. ಫ್ಯಾನಿನ ಹರವು 120ರದ್ದಕ್ಕಿಂತ ಮೂರನೆಯ ಒಂದು ಪಾಲಿಗೂ ತುಸು ಹೆಚ್ಚು. ಅಷ್ಟೇ ಗಾಳಿಗೆ ಅದು ನಿಧಾನವಾಗಿ ತಿರುಗಿದರೆ ಸಾಕು. ಸದ್ದನ್ನು ಅಡಗಿಸಲು ಕ್ಯಾಬಿನೆಟ್ಟಿನ ಗೋಡೆಗೆ ಫೋಮ್ ಅಂಟಿಸುವ ಪದ್ಧತಿಯೂ ಇದೆ. ಗಾಳಿಯ ದಾರಿ ಮುಚ್ಚಿ ಫೋಮ್ ಅಂಟಿಸಿದರೆ ಫ್ಯಾನಿನ ವೇಗ ಏರಿ, ಉಳಿಸಿದ್ದಕ್ಕಿಂತ ಹೆಚ್ಚು ಸದ್ದು ವಾಪಸ್ ಬರುತ್ತದೆ.

ಡೆಸಿಬಲ್ ಅಂಕಿಗಳನ್ನು ಓದುವಾಗ ತುಸು ಎಚ್ಚರ ಬೇಕು. ಫ್ಯಾನಿನ ಡಬ್ಬದ ಮೇಲಿನ 22 ಡೆಸಿಬಲ್ ಎಂಬುದು ಒಂಟಿ ಫ್ಯಾನನ್ನು ಬಯಲಲ್ಲಿ ತೂಗುಬಿಟ್ಟು, ಒಂದು ನಿರ್ದಿಷ್ಟ ದೂರದಿಂದ ಅಳೆದ ಲೆಕ್ಕ. ಅದೇ ಫ್ಯಾನು ಜಾಲರಿಗೆ ಅಂಟಿಕೊಂಡು ಕೂತಾಗ ಸದ್ದು ಬೇರೆ. ಕಂಪನಿಯಿಂದ ಕಂಪನಿಗೆ ಅಳೆಯುವ ಕ್ರಮವೂ ಬದಲಾಗುವುದರಿಂದ ಎರಡು ಡಬ್ಬಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಮಾನಿಸುವುದು ವ್ಯರ್ಥ. ಎಷ್ಟು ನಿಶ್ಶಬ್ದ ಬೇಕು ಎಂಬುದಕ್ಕೂ ಮಿತಿಯಿದೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಗಡಿ ಹಾಕಿವೆ. ನಗರದ ಬೀದಿಗಳು ಆ ಗಡಿಯನ್ನೂ ಮೀರುವುದು ದಿನದ ಮಾತು. ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿರುವ ಕೋಣೆಯಲ್ಲಿ 25 ಡೆಸಿಬಲ್‌ನ ಕಂಪ್ಯೂಟರ್ ಕೇಳಿಸುವುದೇ ಇಲ್ಲ. ಅದನ್ನು 18ಕ್ಕೆ ಇಳಿಸಲು ಸಾವಿರಾರು ರೂಪಾಯಿ ಸುರಿಯುವುದರಲ್ಲಿ ಅರ್ಥವಿರುವುದು ಹಾಡು ರೆಕಾರ್ಡ್ ಮಾಡುವವರಿಗೆ, ಎ.ಸಿ. ಕೂಡ ಆರಿಸಿ ರಾತ್ರಿ ಕೆಲಸ ಮಾಡುವವರಿಗೆ.

ಕಿವಿಯನ್ನು ಕಾಡುವುದು ಬರೀ ಜೋರಲ್ಲ, ಸದ್ದಿನ ಬಗೆ ಕೂಡ. ಗಾಳಿಯ ಸುಯ್ಯೆನ್ನುವ ಮೆದು ಸದ್ದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಒಂದೇ ಶ್ರುತಿ ಹಿಡಿದ ಗುಂಯ್ ಎಂಬ ಸದ್ದು ಮರೆಯುವುದಿಲ್ಲ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1,200 ಸುತ್ತು ಹಾಕಿದರೆ ಸೆಕೆಂಡಿಗೆ 20 ಸುತ್ತು, ಅಂದರೆ ಯಾವುದೇ ಒಂದು ಬಿಂದುವಿನ ಮುಂದೆ ಸೆಕೆಂಡಿಗೆ 140 ಸಲ ರೆಕ್ಕೆ ಹಾಯುತ್ತದೆ. ರೆಕ್ಕೆಗೆ ತೀರಾ ಹತ್ತಿರ ಜಾಲರಿಯ ಪಟ್ಟಿಯೋ ವೈರಿನ ಕಟ್ಟೋ ಇದ್ದರೆ ಪ್ರತಿ ಸಲವೂ ಗಾಳಿ ಅದಕ್ಕೆ ಅಪ್ಪಳಿಸಿ 140 ಹರ್ಟ್ಸ್‌ನ ಗುಂಯ್‌ಕಾರ ಹುಟ್ಟುತ್ತದೆ. ಫ್ಯಾನನ್ನು ಜಾಲರಿಯಿಂದ ಒಂದೆರಡು ಸೆಂಟಿಮೀಟರ್ ಹಿಂದೆ ಸರಿಸಿದರೂ ಸದ್ದು ಇಳಿಯುತ್ತದೆ. ಒಂದೇ ಮಾದರಿಯ ಎರಡು ಫ್ಯಾನು ಅಕ್ಕಪಕ್ಕ ಚೂರೇಚೂರು ಬೇರೆ ವೇಗದಲ್ಲಿ ತಿರುಗಿದಾಗ ಸದ್ದು ಅಲೆಅಲೆಯಾಗಿ ಏರಿಳಿಯುವ ಇನ್ನೊಂದು ಉಪದ್ರವ ಇದೆ. ಒಂದರ ವೇಗವನ್ನು ನೂರು ಸುತ್ತಿನಷ್ಟು ಬದಲಿಸಿದರೆ ಅದು ನಿಲ್ಲುತ್ತದೆ.

ಫ್ಯಾನು ಕೊಳ್ಳುವಾಗ ಅಳತೆಯ ನಂತರ ನೋಡಬೇಕಾದ್ದು ಬೇರಿಂಗ್. ಅಗ್ಗದ ಫ್ಯಾನುಗಳಲ್ಲಿ ಎಣ್ಣೆ ಹಾಕಿದ ಸಾದಾ ಸ್ಲೀವ್ ಬೇರಿಂಗ್ ಇರುತ್ತದೆ; ಹೊಸದರಲ್ಲಿ ಮೌನಿ, ಎಣ್ಣೆ ಒಣಗಿದ ಮೇಲೆ ಕರಕರ. ಅಡ್ಡಲಾಗಿ, ಅಂದರೆ ಕ್ಯಾಬಿನೆಟ್ಟಿನ ಮಾಡಿಗೆ ಹಾಕಿದರೆ ಇನ್ನೂ ಬೇಗ ಸವೆಯುತ್ತದೆ. ಬಾಲ್ ಬೇರಿಂಗ್ ಬಾಳಿಕೆ ಹೆಚ್ಚು, ಆದರೆ ನಿಧಾನ ವೇಗದಲ್ಲಿ ಸಣ್ಣ ಕಿರಿಕಿರಿ ಸದ್ದು ಇರುತ್ತದೆ. ಮನೆಯ ಯಂತ್ರಕ್ಕೆ ಎಣ್ಣೆಯ ಪದರದ ಮೇಲೆ ತೇಲುವ ಫ್ಲುಯಿಡ್ ಡೈನಮಿಕ್ ಬೇರಿಂಗ್ ಹಿತ. ಎರಡನೆಯದು ವೈರು. ಮೂರು ವೈರಿನ ಫ್ಯಾನಿನ ವೇಗವನ್ನು ವೋಲ್ಟೇಜ್ ಇಳಿಸಿ ತಗ್ಗಿಸಬೇಕು. ತೀರಾ ಇಳಿಸಿದರೆ ನಿಂತೇ ಹೋಗುತ್ತದೆ. ನಾಲ್ಕು ವೈರಿನ ಪಿಡಬ್ಲ್ಯುಎಂ ಫ್ಯಾನಿಗೆ 12 ವೋಲ್ಟ್ ಸದಾ ಸಿಗುತ್ತಿರುತ್ತದೆ, ವೇಗದ ಅಪ್ಪಣೆ ಬೇರೊಂದು ವೈರಿನಲ್ಲಿ ಸೆಕೆಂಡಿಗೆ ಸುಮಾರು 25,000 ಮಿಡಿತಗಳಾಗಿ ಬರುತ್ತದೆ. ಮನುಷ್ಯರ ಕಿವಿಗೆ ಕೇಳದ ಎತ್ತರದ ಆವರ್ತನ ಅದು. ನಿಮಿಷಕ್ಕೆ 400–500 ಸುತ್ತಿನವರೆಗೂ ಇಳಿದು ತಿರುಗುವ ಈ ಬಗೆಯೇ ಈಗ ಕೊಳ್ಳಲು ಯೋಗ್ಯ.

ಮೂರನೆಯದು ಒತ್ತಡ. ಬಯಲಲ್ಲಿ ರಾಶಿ ಗಾಳಿ ಬೀಸುವ ಫ್ಯಾನು ಹೀಟ್‌ಸಿಂಕಿನ ಒತ್ತೊತ್ತು ತಗಡುಗಳ ನಡುವೆ ಅಥವಾ ದಟ್ಟ ಫಿಲ್ಟರಿನ ಹಿಂದೆ ಸೋಲಬಹುದು. ಅಂಥ ಜಾಗಕ್ಕೆ ಅಗಲ ರೆಕ್ಕೆಗಳ, ‘ಸ್ಟ್ಯಾಟಿಕ್ ಪ್ರೆಶರ್’ ಹೆಚ್ಚಿರುವ ಫ್ಯಾನು ಬೇಕು. ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ಗಾಳಿ ಹಿಂದಕ್ಕೆ ಸೋರುತ್ತದೆ. ಸಂದು ಕಿರಿದಾದಷ್ಟೂ ಒತ್ತಡ ನಿಲ್ಲುತ್ತದೆ. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2018ರಲ್ಲಿ ತಂದ ಎನ್‌ಎಫ್-ಎ12x25 ಫ್ಯಾನಿನಲ್ಲಿ ಈ ಸಂದು ಅರ್ಧ ಮಿಲಿಮೀಟರ್ ಮಾತ್ರ. ತಿರುಗುವ ರಭಸಕ್ಕೆ ಹಿಗ್ಗಿ ಚೌಕಟ್ಟಿಗೆ ಉಜ್ಜದಿರಲೆಂದು ರೆಕ್ಕೆಗಳನ್ನು ವಿಶೇಷ ಗಡಸು ಪಾಲಿಮರಿನಿಂದ ಎರಕ ಹೊಯ್ಯಲಾಗಿದೆ. ಕಂದು ಬಣ್ಣದ ಆ ಫ್ಯಾನಿನ ಬೆಲೆಗೆ ಸಾಧಾರಣ ಫ್ಯಾನು ಮೂರು ನಾಲ್ಕು ಬರುತ್ತವೆ. ಹಣ ಮಿತವಾಗಿದ್ದರೆ ಆ ದುಬಾರಿ ಫ್ಯಾನನ್ನು ಕ್ಯಾಬಿನೆಟ್ಟಿಗೆ ಹಾಕುವುದಕ್ಕಿಂತ ಪ್ರೊಸೆಸರಿನ ಕೂಲರಿಗೆ ಹಾಕುವುದು ಮೇಲು.

ಫ್ಯಾನು ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಉದ್ಯಮವೇ ಹಲವು ಉತ್ತರ ಕೊಟ್ಟಿದೆ. ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಅಳತೆ, ಜೋಡಣೆಯ ಮಾದರಿಯನ್ನು ಹೊರಡಿಸಿದಾಗ ಎಸ್‌ಎಂಪಿಎಸ್‌ನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರ್ ಮೇಲೆ ಬೀಸಬೇಕೆಂದಿತ್ತು. ಎಸ್‌ಎಂಪಿಎಸ್ ಒಳಗೆ ಕಾದ ಗಾಳಿಯೇ ಚಿಪ್ಪಿನ ಮೇಲೆ ಬೀಳುವ ಈ ಉಪಾಯ ಬಹುಕಾಲ ಬಾಳಲಿಲ್ಲ, ಫ್ಯಾನನ್ನು ತಿರುಗಿಸಿ ಹೊರದೂಡುವಂತೆ ಮಾಡಲಾಯಿತು. ಪೆಂಟಿಯಂ 4ರ ಬಿಸಿ ತಾಳಲಾಗದೆ ಇಂಟೆಲ್ 2004ರ ಹೊತ್ತಿಗೆ ಬಿಟಿಎಕ್ಸ್ ಎಂಬ ಹೊಸ ಜೋಡಣೆ ತಂದಿತು. ಪ್ರೊಸೆಸರ್ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಅದರ ಮುಂದೆ ದೊಡ್ಡ ಫ್ಯಾನು, ಒಳಬಂದ ಗಾಳಿ ನೆಟ್ಟಗೆ ಪ್ರೊಸೆಸರ್ ದಾಟಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹಾಯ್ದು ಹಿಂದಿನಿಂದ ಹೊರಕ್ಕೆ. ಗಾಳಿಯ ದೃಷ್ಟಿಯಿಂದ ಅಚ್ಚುಕಟ್ಟಾದ ಯೋಜನೆ. ಆದರೆ ಎಲ್ಲ ತಯಾರಕರೂ ಮದರ್‌ಬೋರ್ಡ್, ಕ್ಯಾಬಿನೆಟ್ ಬದಲಿಸಬೇಕಿತ್ತು, ಅಷ್ಟರಲ್ಲಿ ತಣ್ಣಗಿನ ಕೋರ್ ಸರಣಿಯ ಚಿಪ್ ಬಂತು. 2006ರಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು. ಇಂದು ಅಂಗಡಿಯಲ್ಲಿ ಸಿಗುವ ಕ್ಯಾಬಿನೆಟ್ಟುಗಳು ಎಟಿಎಕ್ಸ್ ವಂಶದವೇ, ಆದರೆ ಬಿಟಿಎಕ್ಸ್‌ನ ನೇರ ದಾರಿಯ ಪಾಠ ಅವುಗಳಲ್ಲಿ ಉಳಿದುಕೊಂಡಿದೆ.

ಆ ಪಾಠ ಇಷ್ಟೆ: ಮುಂದಿನಿಂದ ಒಳಕ್ಕೆ, ಹಿಂದಿನಿಂದ ಹೊರಕ್ಕೆ. ಮುಂಭಾಗದಲ್ಲಿ ಎರಡು ಫ್ಯಾನು ಒಳಗೆಳೆಯಲಿ. ಅವುಗಳಲ್ಲಿ ಕೆಳಗಿನದು ಗ್ರಾಫಿಕ್ಸ್ ಕಾರ್ಡಿನ ಮಟ್ಟಕ್ಕಿದ್ದರೆ ಲಾಭ ಹೆಚ್ಚು, ಏಕೆಂದರೆ ಇಂದಿನ ಯಂತ್ರಗಳಲ್ಲಿ ಹೆಚ್ಚು ಶಾಖ ಹುಟ್ಟುವುದು ಅಲ್ಲೇ. ಪ್ರೊಸೆಸರ್ ಕೂಲರಿನ ಗೋಪುರ ಹಿಂದಿನ ಗೋಡೆಯತ್ತ ಬೀಸುವಂತೆ ಕೂರಲಿ, ಅದಕ್ಕೆ ಸರಿಯಾಗಿ ಹಿಂದಿನ ಫ್ಯಾನು ಹೊರದೂಡಲಿ. ಬಿಸಿ ಗಾಳಿ ತಾನಾಗಿ ಮೇಲೇರುತ್ತದಲ್ಲ, ಮಾಡಿನ ಮೇಲೆ ಫ್ಯಾನು ಹಾಕಲೇಬೇಕು ಎಂಬ ವಾದ ಅಂಗಡಿಗಳಲ್ಲಿ ಕೇಳುತ್ತದೆ. ಬಿಸಿ ಗಾಳಿಯ ಏರಿಕೆ ತೀರಾ ದುರ್ಬಲ, ನಿಧಾನವಾಗಿ ತಿರುಗುವ ಫ್ಯಾನು ಕೂಡ ಅದನ್ನು ಸುಲಭವಾಗಿ ಮೀರುತ್ತದೆ. ಮಾಡಿಗೆ ಫ್ಯಾನು ಹಾಕುವುದೇ ಆದರೆ ಹಿಂಬದಿಯ ಜಾಗದಲ್ಲಿ ಹಾಕಬೇಕು. ಮುಂಬದಿಯ ಜಾಗದಲ್ಲಿ ಹೊರದೂಡುವ ಫ್ಯಾನು ಇಟ್ಟರೆ ಮುಂದಿನಿಂದ ಬಂದ ತಣ್ಣನೆಯ ಗಾಳಿ ಪ್ರೊಸೆಸರ್ ಮುಟ್ಟುವ ಮೊದಲೇ ಮೇಲಿನಿಂದ ಪರಾರಿ.

ಫ್ಯಾನಿನ ಮುಖ ಯಾವುದು, ಬೆನ್ನು ಯಾವುದು ಎಂಬ ಗೊಂದಲ ಹೊಸಬರಿಗೆಲ್ಲ ಬರುತ್ತದೆ. ಸಾಮಾನ್ಯ ಫ್ಯಾನಿನಲ್ಲಿ ರೆಕ್ಕೆಗಳು ಬಿಡಿಯಾಗಿ ಕಾಣುವ ಬದಿಯಿಂದ ಗಾಳಿ ಒಳಸೇರಿ, ಮೋಟಾರನ್ನು ಹಿಡಿದ ಕಡ್ಡಿಗಳಿರುವ ಬದಿಯಿಂದ ಹೊರಬರುತ್ತದೆ. ಹಲವು ಫ್ಯಾನುಗಳ ಅಂಚಿನ ಮೇಲೆ ಪುಟ್ಟ ಬಾಣದ ಗುರುತೂ ಇರುತ್ತದೆ. ಎಲ್ಲ ಜೋಡಿಸಿದ ಮೇಲೆ ಗಾಳಿ ನಿಜಕ್ಕೂ ಯಾವ ಕಡೆ ಹರಿಯುತ್ತಿದೆ ಎಂದು ನೋಡಲು ಒಂದು ಊದುಬತ್ತಿ ಸಾಕು. ಕ್ಯಾಬಿನೆಟ್ ಮುಚ್ಚಿ, ಯಂತ್ರ ಚಾಲೂ ಮಾಡಿ, ಹೊಗೆಯನ್ನು ಪ್ರತಿ ಜಾಲರಿ, ಪ್ರತಿ ಸಂದಿನ ಹೊರಗೆ ಹಿಡಿದರೆ ಎಲ್ಲಿ ಒಳಗೆ ಸೆಳೆಯುತ್ತದೆ, ಎಲ್ಲಿ ದೂರ ತಳ್ಳುತ್ತದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಒಳಗೆಳೆಯುವ ಫ್ಯಾನುಗಳ ಬಲ ಹೊರದೂಡುವವಕ್ಕಿಂತ ತುಸು ಹೆಚ್ಚಿದ್ದರೆ ಸಂದುಗೊಂದುಗಳಿಂದ ಹೊಗೆ ಹೊರಮುಖವಾಗಿ ಸರಿಯುತ್ತದೆ. ಹಾಗಿರಬೇಕು. ಆಗ ಗಾಳಿ ಒಳಬರುವುದು ಫಿಲ್ಟರ್ ಇರುವ ದಾರಿಯಿಂದ ಮಾತ್ರ. ಹೊರದೂಡುವ ಬಲವೇ ಹೆಚ್ಚಾದರೆ ಯುಎಸ್‌ಬಿ ಕಿಂಡಿ, ಖಾಲಿ ಸ್ಲಾಟ್, ತಗಡಿನ ಬಿರುಕು ಎಲ್ಲದರಿಂದಲೂ ದೂಳು ಒಳಗೆ ಹರಿದುಬರುತ್ತದೆ. ಮೆಟ್ರೊ, ಫ್ಲೈಓವರ್, ಅಪಾರ್ಟ್‌ಮೆಂಟ್ ಕಾಮಗಾರಿಯ ದೂಳಿನಲ್ಲಿ ಬದುಕುವ ಬೆಂಗಳೂರಿನಂಥ ಊರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎಸ್‌ಎಂಪಿಎಸ್‌ಗೆ ಈಚಿನ ಕ್ಯಾಬಿನೆಟ್ಟುಗಳಲ್ಲಿ ತಳದಲ್ಲಿ ಪ್ರತ್ಯೇಕ ಕೋಣೆಯೇ ಇದೆ. ಅದರ ಫ್ಯಾನು ಕೆಳಮುಖವಾಗಿ, ತಳದ ಜಾಲರಿಯಿಂದ ತನ್ನದೇ ಗಾಳಿ ಎಳೆದುಕೊಳ್ಳುವಂತೆ ಕೂರಿಸಬೇಕು. ಅದರ ದಕ್ಷತೆಗೂ ಸದ್ದಿಗೂ ನಂಟಿದೆ. ಯಂತ್ರಕ್ಕೆ 400 ವ್ಯಾಟ್ ಒದಗಿಸುವ ಎಸ್‌ಎಂಪಿಎಸ್ ಶೇ. 80ರಷ್ಟು ದಕ್ಷವಾಗಿದ್ದರೆ ಗೋಡೆಯಿಂದ 500 ವ್ಯಾಟ್ ಎಳೆದು 100 ವ್ಯಾಟನ್ನು ತನ್ನೊಳಗೇ ಶಾಖವಾಗಿಸುತ್ತದೆ, ಶೇ. 90ರಷ್ಟು ದಕ್ಷವಾಗಿದ್ದರೆ ಆ ಶಾಖ 44 ವ್ಯಾಟಿಗೆ ಇಳಿಯುತ್ತದೆ. 80 ಪ್ಲಸ್ ಗೋಲ್ಡ್ ಗುರುತಿನ, ಅಗತ್ಯಕ್ಕಿಂತ ತುಸು ದೊಡ್ಡ ಎಸ್‌ಎಂಪಿಎಸ್‌ನ ಫ್ಯಾನು ಹಗುರ ಕೆಲಸದಲ್ಲಿ ಮೆಲ್ಲಗೆ ತಿರುಗುತ್ತದೆ, ಕೆಲವು ಮಾದರಿಗಳಲ್ಲಿ ನಿಂತೇ ಇರುತ್ತದೆ.

ಇಷ್ಟೆಲ್ಲ ಸರಿ ಮಾಡಿದರೂ ಕ್ಯಾಬಿನೆಟ್ಟಿನ ಮುಖವೇ ಮುಚ್ಚಿದ್ದರೆ ಫಲವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಮುಂದೆ ಝಗಮಗಿಸುವ ಕ್ಯಾಬಿನೆಟ್ಟುಗಳಲ್ಲಿ ಎಷ್ಟೋ ಗಾಜಿನ ಮುಖದವು. ಗಾಜಿನ ಹಿಂದೆ ಮೂರು ಫ್ಯಾನು, ಗಾಳಿಗೆ ಮಾತ್ರ ಅಂಚಿನಲ್ಲಿ ಬೆರಳು ತೂರುವಷ್ಟು ಸೀಳು. ಅಲ್ಲಿ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಬರುವುದು ಸದ್ದು, ಗಾಳಿಯಲ್ಲ. ಅದೇ ಬೆಲೆಗೆ ಜಾಲರಿ ಮುಖದ ಕ್ಯಾಬಿನೆಟ್ ಸಿಗುತ್ತದೆ. ಅಸೆಂಬಲ್ ಮಾಡಿಸುವಾಗ ಅದನ್ನೇ ಕೇಳಿ ಪಡೆಯಬೇಕು.

ಮನೆಗಳಲ್ಲಿ ಇದಕ್ಕಿಂತ ದೊಡ್ಡ ಅಡ್ಡಿ ಕಂಪ್ಯೂಟರ್ ಟೇಬಲ್ಲಿನದೇ. ಸಿಪಿಯು ಇಡಲೆಂದು ಟೇಬಲ್ಲಿನ ಬಲಗಡೆ ಮಾಡಿದ ಗೂಡಿಗೆ ಮೂರು ಬದಿ ಹಲಗೆ, ಕೆಲವಕ್ಕೆ ಮುಂದೆ ಬಾಗಿಲು ಬೇರೆ. ಹಿಂದಿನಿಂದ ಹೊರಬಿದ್ದ ಬಿಸಿ ಗಾಳಿ ಹಲಗೆಗೆ ಬಡಿದು ಪಕ್ಕದಿಂದ ಸುತ್ತಿ ಬಂದು ಮತ್ತೆ ಮುಂದಿನ ಫ್ಯಾನಿಗೇ ಸಿಗುತ್ತದೆ. ಕೋಣೆಯಲ್ಲಿ 30 ಡಿಗ್ರಿ ಇದ್ದರೂ ಯಂತ್ರದ ಪಾಲಿಗೆ ಕೋಣೆ ಎಂದರೆ ಆ ಗೂಡೇ. ಗೂಡಿನ ಹಿಂದಿನ ಹಲಗೆ ಕೀಳಿಸಿ ಗೋಡೆಯಿಂದ ಹತ್ತು ಸೆಂಟಿಮೀಟರ್ ದೂರ ಬಿಟ್ಟರೆ, ಹೊಸ ಫ್ಯಾನು ಕೊಳ್ಳುವುದಕ್ಕಿಂತ ಹೆಚ್ಚು ಲಾಭ ಒಂದು ಸ್ಕ್ರೂ ಡ್ರೈವರಿನಿಂದಲೇ ಸಿಗುತ್ತದೆ. ದೂಳು ಬೀಳದಿರಲೆಂದು ಹೊದಿಸುವ ಬಟ್ಟೆಯ ಕವರನ್ನು ಯಂತ್ರ ಆರಿಸಿದ ಮೇಲಷ್ಟೇ ಹಾಕಬೇಕು.

ಬೇಸಿಗೆಯಲ್ಲಿ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದೇ ಓಡಿಸುವ ರೂಢಿ ಬಹಳ ಕಡೆ ಇದೆ. ಪರಿಹಾರವಾಗಿ ಇದು ಕೆಟ್ಟದ್ದು: ದೂಳು ನೇರ ಒಳಗೆ, ಸದ್ದು ನೇರ ಕಿವಿಗೆ. ಪರೀಕ್ಷೆಯಾಗಿ ಮಾತ್ರ ಅತ್ಯುತ್ತಮ. ಯಂತ್ರಕ್ಕೆ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಬಾಗಿಲು ಮುಚ್ಚಿ ಒಮ್ಮೆ, ತೆಗೆದು ಒಮ್ಮೆ ಉಷ್ಣಾಂಶ ನೋಡಬೇಕು. ವ್ಯತ್ಯಾಸ ಎರಡು ಮೂರು ಡಿಗ್ರಿಯಾದರೆ ಕ್ಯಾಬಿನೆಟ್ಟಿನ ಗಾಳಿ ಚೆನ್ನಾಗಿದೆ, ಇನ್ನು ಏನಾದರೂ ಬದಲಿಸುವುದಿದ್ದರೆ ಕೂಲರನ್ನೇ ಬದಲಿಸಬೇಕು. ಹತ್ತು ಡಿಗ್ರಿ ಇಳಿದರೆ ದೋಷ ಕೂಲರಿನದಲ್ಲ; ಮುಂದಿನ ದಾರಿ ಕಟ್ಟಿಕೊಂಡಿದೆ.

ನೀರಿನ ಕೂಲರ್, ಅಂದರೆ ಎಐಒ, ಈಗ ಫ್ಯಾಷನ್. ಪಂಪು ನೀರನ್ನು ಚಿಪ್ಪಿನ ಮೇಲಿಂದ 240 ಅಥವಾ 360 ಮಿ.ಮೀ. ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿ ಎರಡು ಮೂರು ಫ್ಯಾನು ಶಾಖ ಚದುರಿಸುತ್ತವೆ. ನೀರು ಶಾಖವನ್ನು ಮಾಯ ಮಾಡುವುದಿಲ್ಲ, ಬೇರೆ ಜಾಗಕ್ಕೆ ಒಯ್ಯುತ್ತದೆ ಅಷ್ಟೆ. ಕೊನೆಗೆ ಅದನ್ನು ಹೊರಗಟ್ಟುವುದು ಅದೇ ಗಾಳಿ, ಅದೇ ಫ್ಯಾನು. 200 ವ್ಯಾಟ್ ದಾಟುವ ಪ್ರೊಸೆಸರಿಗೆ ಇದು ಬೇಕಾಗಬಹುದು. 65 ವ್ಯಾಟ್ ದರ್ಜೆಯದಕ್ಕೆ ಒಳ್ಳೆಯ ಗೋಪುರ ಕೂಲರೇ ಹೆಚ್ಚು ಮೌನ, ಏಕೆಂದರೆ ಎಐಒದಲ್ಲಿ ಫ್ಯಾನು ನಿಧಾನವಾದರೂ ಪಂಪಿನ ಸಣ್ಣ ಗುನುಗು ನಿಲ್ಲುವುದಿಲ್ಲ. ಹಾಕಿಸುವವರು ಒಂದನ್ನು ಗಮನಿಸಬೇಕು: ನೀರಿನ ಜೊತೆ ಉಳಿದ ಚೂರು ಗಾಳಿ ಸುತ್ತಿನ ಅತಿ ಎತ್ತರದ ಜಾಗಕ್ಕೆ ಸೇರಿಕೊಳ್ಳುತ್ತದೆ. ಆ ಜಾಗ ರೇಡಿಯೇಟರಿನ ಮೇಲಂಚಾಗಿರಬೇಕು. ಪಂಪೇ ಎತ್ತರದಲ್ಲಿದ್ದರೆ ಗಾಳಿ ಅದರೊಳಗೆ ಸಿಕ್ಕಿ ಗಳಗಳ ಸದ್ದು ಮಾಡುತ್ತದೆ, ಪಂಪೂ ಬೇಗ ಕೆಡುತ್ತದೆ.

ಕಾಸಿಲ್ಲದೆ ಸಿಗುವ ಮೌನವೂ ಉಂಟು. ಬಯೋಸ್‌ನಲ್ಲಿ ಫ್ಯಾನಿನ ವೇಗವನ್ನು ಉಷ್ಣಾಂಶಕ್ಕೆ ತಕ್ಕಂತೆ ಗೆರೆ ಎಳೆದು ಹೊಂದಿಸಬಹುದು. ಒಂದು ಕಂಪನಿ ಅದನ್ನು ಕ್ಯೂ-ಫ್ಯಾನ್ ಎನ್ನುತ್ತದೆ, ಇನ್ನೊಂದು ಸ್ಮಾರ್ಟ್ ಫ್ಯಾನ್. ಕಾರ್ಖಾನೆಯಿಂದ ಬಂದ ಗೆರೆ ಸಾಮಾನ್ಯವಾಗಿ ಅಂಜುಬುರುಕ. ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಸಾಕು, ಪ್ರೊಸೆಸರ್ ಒಂದೆರಡು ಸೆಕೆಂಡು 70 ಡಿಗ್ರಿಗೆ ನೆಗೆದು ಇಳಿಯುತ್ತದೆ, ಅದರ ಹಿಂದೆಯೇ ಫ್ಯಾನು ರೊಯ್ಯನೆ ಏರಿ ಇಳಿಯುತ್ತದೆ. ಈ ಏರಿಳಿತ ಸ್ಥಿರವಾದ ಸದ್ದಿಗಿಂತ ಹೆಚ್ಚು ಕಿರಿಕಿರಿ. ಆ ಕ್ಷಣಿಕ ಬಿಸಿಯಿಂದ ಚಿಪ್ಪಿಗೆ ಏನೂ ಆಗುವುದಿಲ್ಲ. 60–65 ಡಿಗ್ರಿಯವರೆಗೆ ಗೆರೆಯನ್ನು ಸಮತಟ್ಟಾಗಿಟ್ಟು, ಅಲ್ಲಿಂದ ಮೆಲ್ಲಗೆ ಏರಿಸಿ, ವೇಗ ಬದಲಿಸುವ ಮೊದಲು ಕೆಲವು ಸೆಕೆಂಡು ಕಾಯುವಂತೆ ಮಾಡಿದರೆ ಈ ಕಾಟ ನಿಲ್ಲುತ್ತದೆ. ಕ್ಯಾಬಿನೆಟ್ ಫ್ಯಾನುಗಳಿಗಂತೂ ಪ್ರೊಸೆಸರಿನ ಉಷ್ಣಾಂಶಕ್ಕಿಂತ ಮದರ್‌ಬೋರ್ಡಿನ ಉಷ್ಣಾಂಶವನ್ನು ಅನುಸರಿಸುವುದೇ ಸರಿ. ಅದು ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ.

ಇನ್ನೂ ಮೂಲಕ್ಕೆ ಹೋದರೆ ಶಾಖವನ್ನೇ ಕಡಿಮೆ ಮಾಡಬಹುದು. ಚಿಪ್ಪುಗಳು ಕೊನೆಯ ನಾಲ್ಕೈದು ಶೇಕಡ ವೇಗಕ್ಕಾಗಿ ಅತಿ ಹೆಚ್ಚು ವಿದ್ಯುತ್ ಸುಡುತ್ತವೆ. ಎಎಂಡಿಯ 105 ವ್ಯಾಟ್ ದರ್ಜೆಯ ಪ್ರೊಸೆಸರುಗಳಿಗೆ ಇಕೋ ಮೋಡ್ ಇದೆ, ಅದನ್ನು ಆಯ್ದುಕೊಂಡರೆ 65 ವ್ಯಾಟ್ ದರ್ಜೆಯವಂತೆ ನಡೆದುಕೊಳ್ಳುತ್ತವೆ. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ ಶೇ. 80ಕ್ಕೆ ಇಳಿಸಿದರೆ ಆಟದಲ್ಲಿ ಕಳೆದುಕೊಳ್ಳುವುದು ಸಾಮಾನ್ಯವಾಗಿ ಗಮನಕ್ಕೇ ಬಾರದಷ್ಟು. ಫ್ಯಾನು, ಕೂಲರ್ ಎಂದು ಅಂಗಡಿ ಸುತ್ತುವ ಮೊದಲು ಮಾಡಬೇಕಾದ ಕೆಲಸ ಇದು. ವಿಚಿತ್ರವೆಂದರೆ ಬಹುತೇಕರು ಇದನ್ನು ಕೊನೆಗೆ ಮಾಡುತ್ತಾರೆ, ಅಥವಾ ಮಾಡುವುದೇ ಇಲ್ಲ.

ಫ್ಯಾನಿನದಲ್ಲದ ಸದ್ದುಗಳೂ ಕೆಲವಿವೆ. ನಿಮಿಷಕ್ಕೆ 7,200 ಸುತ್ತಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸಲ ಕಂಪಿಸಿ ಕ್ಯಾಬಿನೆಟ್ಟಿನ ತಗಡನ್ನೂ ಗುಂಯ್‌ಗುಡಿಸುತ್ತದೆ; ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಿದರೆ ತಗ್ಗುತ್ತದೆ, ಎಸ್‌ಎಸ್‌ಡಿ ಹಾಕಿದರೆ ಇಲ್ಲವೇ ಇಲ್ಲ. ಭಾರದ ಆಟದ ನಡುವೆ ಗ್ರಾಫಿಕ್ಸ್ ಕಾರ್ಡಿನಿಂದ ಬರುವ ಕೀಚಲು ಸದ್ದು ಅದರ ಸುರುಳಿಗಳ ಕಂಪನದ್ದು. ಅದನ್ನು ಯಾವ ಫ್ಯಾನೂ ಸರಿಪಡಿಸದು. ಆಟದ ಫ್ರೇಮ್ ದರಕ್ಕೆ ಮಿತಿ ಹಾಕಿದರೆ ತುಸು ಇಳಿಯುತ್ತದೆ.

ಉಳಿದದ್ದು ದೂಳು. ತಗಡುಗಳ ನಡುವೆ ನಾರಿನಂತೆ ಹೆಣೆದುಕೊಂಡ ದೂಳಿನ ಪದರ ಕೂಲರನ್ನು ಅರ್ಧ ಕೊಲ್ಲುತ್ತದೆ, ಫ್ಯಾನು ಆ ಅರ್ಧವನ್ನು ಸದ್ದಿನಿಂದ ತುಂಬಿಕೊಡುತ್ತದೆ. ಮಂಗಳೂರು, ಕಾರವಾರದ ಕಡೆ ತೇವ, ಉಪ್ಪಿನ ಗಾಳಿಗೆ ಈ ದೂಳು ಅಂಟಾಗಿ ಕೂರುತ್ತದೆ, ಬ್ಲೋವರಿನ ಗಾಳಿಗೆ ಹಾರುವುದಿಲ್ಲ, ಮೆದು ಬ್ರಷ್ ಬೇಕು. ಮುಂದಿನ ಫಿಲ್ಟರನ್ನು ತಿಂಗಳಿಗೊಮ್ಮೆ, ಒಳಗನ್ನು ವರ್ಷಕ್ಕೆ ಎರಡು ಸಲ ಶುಚಿ ಮಾಡುವುದು ಒಳ್ಳೆಯದು. ವಿದ್ಯುತ್ ವೈರು ಕಿತ್ತು, ಯಂತ್ರವನ್ನು ಬಾಲ್ಕನಿಗೋ ಅಂಗಳಕ್ಕೋ ತಂದು, ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಅಲುಗದಂತೆ ಹಿಡಿದಿರಬೇಕು. ಹಾಗೆ ಹಿಡಿಯದಿದ್ದರೆ ಅದು ತನ್ನ ಮಿತಿ ಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡಿಸಿಕೊಳ್ಳುತ್ತದೆ. ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆಯಬಹುದು, ಆದರೆ ಪೂರ್ತಿ ಒಣಗಿದ ಮೇಲೆಯೇ ವಾಪಸ್ ಹಾಕಬೇಕು. ಒದ್ದೆಯಿದ್ದಾಗಲೇ ಹಾಕಿದರೆ ಮುಂದಿನ ವಾರದ ದೂಳು ಅದರ ಕಣ್ಣುಗಳಲ್ಲಿ ಕೆಸರಾಗಿ ಕೂತು, ಮುಂದಿನ ಸಲ ಉಜ್ಜಿದರೂ ಬಿಡುವುದಿಲ್ಲ.